ಬೆನ್ನುಗುಡ್ಡದ ನೆರಳು

ನಮ್ಮ ಊರಿನಲ್ಲಿ ಮೂವರ ಎದುರು ಕೊಟ್ಟ ಮಾತನ್ನು ಗಿಡುಗದ ನೆರಳು ಮಾತ್ರ ಬಿಡಿಸಬಲ್ಲದು. ಆದ್ದರಿಂದ ಚಿತ್ತಾ ಮಳೆ ಮುಗಿಯುತ್ತಿದ್ದಂತೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಕೊಡೆ ರಿಪೇರಿ ಮಾಡುವವನು. ಬೇರೆ ಊರುಗಳಲ್ಲಿ ಕೊಡೆಯವನಿಗೆ ಮಳೆಗಾಲದಲ್ಲಿ ಕೆಲಸವಂತೆ. ನನಗೆ ಮಳೆ ನಿಂತು, ಆಕಾಶ ತೊಳೆದು ಬೋರಲು ಹಾಕಿದ ಪಾತ್ರೆಯಂತಾಗಿ, ಬಡಗಣ ಗಾಳಿ ಬೀಸತೊಡಗಿದ ಮೇಲೆ ಕೆಲಸ. ಗಿಡುಗಗಳು ಬರುವುದು ಆಗ, ಕೊಟ್ಟ ಮಾತು ಉಳಿಯಬೇಕೆನ್ನುವವರು ಅವುಗಳ ನೆರಳಿಗೆ ಕೊಡೆ ಹಿಡಿಯುತ್ತಾರೆ. ಹೊಸದಾಗಿ ಮದುವೆಯಾದವರು ಒಂದೇ ಕೊಡೆಯ ಕೆಳಗೆ ಮೈಗೆ ಮೈ ತಾಗಿಸಿ ಸಂತೆಗೆ ಬರುತ್ತಾರೆ. ಕುಡಿತ ಬಿಡುತ್ತೇನೆಂದು ಮಾತು ಕೊಟ್ಟವನ ಹಿಂದೆ ಅವನ ಹೆಂಡತಿ ಕೊಡೆ ಎತ್ತಿ ಹಿಡಿದು, ಉತ್ಸವಮೂರ್ತಿಯನ್ನು ಕರೆದೊಯ್ಯುವವಳಂತೆ ನಡೆಯುತ್ತಾಳೆ. ಊರಿನ ಮೇಲೆ ಹಾಯುವಾಗ ಗಿಡುಗಗಳು ಎರಚಿದ ಸಾಸಿವೆಯಂತೆ ಕಾಣುವಷ್ಟು ಎತ್ತರದಲ್ಲಿರುತ್ತವೆ, ಅಷ್ಟು ಮೇಲಿಂದ ನೆರಳು ನೆಲ ಮುಟ್ಟುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಕಡ್ಡಿ ಮುರಿದ ಕೊಡೆ ಹಿಡಿದು ಹೊರಗೆ ಬರುವ ಧೈರ್ಯ ಯಾರಿಗೂ ಇಲ್ಲ.

ಬಿಡುಗಡೆ ಬೇಕಾದವರು ಊರ ಬಡಗಣಕ್ಕಿರುವ ಬೆನ್ನುಗುಡ್ಡ ಹತ್ತಬೇಕು. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಉದ್ದಕ್ಕೆ ಚಾಚಿಕೊಂಡ ಗುಡ್ಡ ಅದು. ಉತ್ತರದ ಬಯಲಿನಿಂದ ಬರುವ ಗಾಳಿ ಅದಕ್ಕೆ ಬಡಿದು ಮೇಲೇಳುತ್ತದೆ. ಆ ಗಾಳಿಯನ್ನು ಹಿಡಿಯಲು ಗಿಡುಗಗಳು ಗುಡ್ಡದ ನೆತ್ತಿಯನ್ನು ಸವರಿಕೊಂಡು ಬರುತ್ತವೆ. ಅಲ್ಲಿ ಮಾತ್ರ ಅವುಗಳ ನೆರಳು ಮನುಷ್ಯರಿಗೆ ಸಿಗುವಷ್ಟು ಹತ್ತಿರ. ಅಲ್ಲೊಂದು ಚಪ್ಪಟೆ ಬಂಡೆ ಇದೆ. ನೆರಳು ಎದ್ದು ಕಾಣಲೆಂದು ಅದಕ್ಕೆ ವರ್ಷವೂ ಸುಣ್ಣ ಬಳಿಯುತ್ತಾರೆ. ತಲೆಯ ಮೇಲೆ ಬಟ್ಟೆಯಿಲ್ಲದೆ ಅದರ ಮೇಲೆ ಕೂರಬೇಕು, ನೆರಳು ಬಂದಾಗ ಅಲುಗಬಾರದು. ಹೆಗಲು ವಾಲಿಸಿ ನೆರಳನ್ನು ಬೇಕೆಂದೇ ಮುಟ್ಟಿಸಿಕೊಂಡವರಿಗೆ ಆ ವರ್ಷ ಬಿಡುಗಡೆಯಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಬಂಡೆಯ ಅಂಚಿನಲ್ಲಿ ಬೋರಮ್ಮ ಎನ್ನುವ ಹೆಂಗಸು ಕೂತಿರುತ್ತಾಳೆ. ನೆರಳು ಬಿದ್ದದ್ದನ್ನು ಅವಳು ಕಂಡರೆ "ಬಿತ್ತು" ಎಂದು, ಕುಡಿಕೆಯಿಂದ ಸುಣ್ಣ ತೆಗೆದು ಮುಂಗೈ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಆ ಬಿಳಿ ಗುರುತು ಹೊತ್ತು ಊರಿಗೆ ಇಳಿದವನನ್ನು ಯಾರೂ ಏನೂ ಕೇಳುವುದಿಲ್ಲ.

ಗುರುತಿಲ್ಲದೆ ಮಾತು ಮುರಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೀದಿಯ ದ್ಯಾವಣ್ಣನೇ ಇದ್ದಾನೆ. ಅವನು ಯಾವುದೋ ಕಾಲದಲ್ಲಿ ಯಾವುದೋ ಮಾತು ಮುರಿದ. ಯಾವುದೆಂದು ಈಗ ಅವನಿಗೂ ನೆನಪಿಲ್ಲ. ಅಂದಿನಿಂದ ಅವನ ಮಾತನ್ನು ಯಾರೂ ಮಾತೆಂದು ತೆಗೆದುಕೊಳ್ಳುವುದಿಲ್ಲ. ಅವನು "ಮಳೆ ಬಂತು" ಎಂದರೆ ಹಗ್ಗದ ಮೇಲಿನ ಬಟ್ಟೆಯನ್ನು ಯಾರೂ ಎಳೆದುಕೊಳ್ಳುವುದಿಲ್ಲ, ತಮ್ಮ ಮೈಯೇ ಒದ್ದೆಯಾಗುವವರೆಗೆ ಕಾಯುತ್ತಾರೆ. ಯಾರೂ ಅವನನ್ನು ಬೈಯುವುದಿಲ್ಲ, ಹೊರಗೆ ಇಡುವುದಿಲ್ಲ. ಮದುವೆಗೆ ಕರೆಯುತ್ತಾರೆ, ಎಲೆ ಹಾಕುತ್ತಾರೆ, ಊಟ ಚೆನ್ನಾಗಿದೆ ಎಂದು ಅವನು ಹೇಳಿದರೆ ಪಕ್ಕದವನನ್ನು ಕೇಳುತ್ತಾರೆ. ದ್ಯಾವಣ್ಣ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾನೆ. ಪ್ರಶ್ನೆಗಳಲ್ಲಿ ಮಾತ್ರ ಮಾತನಾಡುತ್ತಾನೆ. ಪ್ರಶ್ನೆಯನ್ನು ನಂಬುವ ಅಗತ್ಯ ಯಾರಿಗೂ ಇಲ್ಲವಲ್ಲ. "ಬಿಸಿಲು ಜಾಸ್ತಿ ಅಲ್ವೇನಪ್ಪ? ನಂಗೆ ಹಸಿವಾಗೈತಾ? ಮನೆಗೆ ಹೋಗ್ಲಾ?"

ನಾನು ಮಾತು ಕೊಟ್ಟದ್ದು ನನ್ನ ಅಕ್ಕನ ಬಗ್ಗೆ. ಅವಳ ಹೆಸರು ಮಾರಕ್ಕ. ನಮ್ಮ ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು ಅವಳೇ. ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾಳೆ. ಒಂದು ಬೆಳಿಗ್ಗೆ ಅವಳು ಸಂಡಿಗೆ ಹಿಟ್ಟಿನ ಹಂಡೆಯ ಮುಂದೆ ನಿಂತು, ಇಡಲೋ ಬೇಡವೋ ಎಂದು ಆಕಾಶ ನೋಡುತ್ತಿದ್ದಾಗ ನಾನು "ಇಡಕ್ಕ, ಇವತ್ತು ಮಳೆ ಬರಲ್ಲ" ಎಂದೆ. ಮಧ್ಯಾಹ್ನದ ಹೊತ್ತಿಗೆ ಬಂತು. ಮಾಳಿಗೆಯ ಮೇಲಿನ ಪಂಚೆಗಳೆಲ್ಲ ಗಂಜಿಯಾದವು. ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ಮೂವರು ಹೆಂಗಸರ ಎದುರು ಅಕ್ಕ, "ಕೊಡೆ ರಿಪೇರಿ ಮಾಡೋನಿಗೆ ಮಳೆ ಗೊತ್ತಿರ್ತೈತೆ ಅಂದ್ಕೊಂಡೆ. ಇವನ ಮಾತಿಗೂ ದ್ಯಾವಣ್ಣನ ಮಾತಿಗೂ ಏನೂ ವ್ಯತ್ಯಾಸ ಇಲ್ಲ ಬಿಡ್ರವ್ವ" ಎಂದಳು. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನನ್ನ ಕಿವಿ ಬಿಸಿಯಾಯಿತು. "ಹಂಗಾದ್ರೆ ಇನ್ನು ನಿನ್ ಹತ್ರ ಒಂದು ಮಾತೂ ಆಡಲ್ಲ" ಎಂದೆ. ಹೆಂಗಸರು ಮೂವರೂ ತಲೆ ಎತ್ತಿದರು. ಇಬ್ಬರಿದ್ದಿದ್ದರೆ ಅದು ಬರೀ ಸಿಟ್ಟಾಗುತ್ತಿತ್ತು.

ನಾನು ಎದುರುಸಾಲಿನ ನನ್ನ ಅಂಗಡಿಯ ಮೇಲಿನ ಕೋಣೆಗೆ ಹಾಸಿಗೆ ಹೊತ್ತುಕೊಂಡು ಹೋದೆ. ಮಾತು ಕೊಟ್ಟವನು ನಾನೊಬ್ಬನೇ. ಅಕ್ಕ ಏನೂ ಕೊಟ್ಟಿರಲಿಲ್ಲ. ಆದ್ದರಿಂದ ಅವಳು ಮಾತು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಮಾಳಿಗೆ ಮೇಲೆ ಬಂದು, ಬೀದಿ ದಾಟಿ ನನ್ನ ಕಿಟಕಿಗೆ ಕೇಳುವಂತೆ, "ಏನೋ ಮೂಗಪ್ಪ, ಎದ್ಯಾ? ನಿನ್ನೆ ಯಾವಳೋ ಬಂದು ಹಸಿರು ಕೊಡೆ ಕೊಟ್ಟೋದ್ಲಲ್ಲ, ಅವಳ ಮೂಗು ಚೆನ್ನಾಗೈತೆ. ಯೋಚ್ನೆ ಮಾಡು" ಎನ್ನುತ್ತಿದ್ದಳು. ಸಾರು ಮಾಡಿದ್ದು, ಸೊಂಟ ನೋಯುವುದು, ಅವ್ವ ಕನಸಿನಲ್ಲಿ ಬಂದದ್ದು ಎಲ್ಲವನ್ನೂ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿದ್ದೆ. ತಲೆ ಅಲ್ಲಾಡಿಸುವಂತಿರಲಿಲ್ಲ. ತಲೆ ಅಲ್ಲಾಡಿಸುವುದೂ ಮಾತೇ, ಚೀಟಿ ಬರೆಯುವುದೂ ಮಾತೇ, ಗೋಡೆಗೋ ಬೆಕ್ಕಿಗೋ ಹೇಳುವ ನೆಪದಲ್ಲಿ ಹೇಳುವುದೂ ಮಾತೇ ಎಂದು ಊರಿನ ಪಂಚರು ನಮ್ಮ ಅಜ್ಜನ ಕಾಲದಲ್ಲೇ ತೀರ್ಮಾನಿಸಿದ್ದಾರೆ. ಗಿಡುಗಗಳು ವರ್ಷವರ್ಷವೂ ಬಂದು ಹೋದವು. ಬೆನ್ನುಗುಡ್ಡ ಹತ್ತಿದರೆ ಸೋತಂತೆ ಎಂದುಕೊಂಡು ನಾನು ಕೊಡೆಗಳಿಗೆ ಕಡ್ಡಿ ಹಾಕುತ್ತಾ ಕೂತೆ. ಅವಳ ದನಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ನನ್ನನ್ನು ಕೆಣಕಲು ಹೀಗೆ ಕಿರುಚುತ್ತಾಳೆ ಎಂದು ನಾನು ತಿಳಿದಿದ್ದೆ.

ಈ ವರ್ಷ ಚಿತ್ತಾ ಮಳೆಯ ಕೊನೆಯಲ್ಲಿ ಕಂಪೌಂಡರ್ ರುದ್ರಸ್ವಾಮಿ ಅಂಗಡಿಗೆ ಬಂದರು. ಅವರ ಕೈಯಲ್ಲಿ ಕೊಡೆ ಇರಲಿಲ್ಲ.

"ನಿಮ್ಮಕ್ಕ ಈಗೀಗ ಬಹಳ ಜೋರಾಗಿ ಮಾತಾಡ್ತಾಳೆ, ಅಲ್ವಾ ತಿಪ್ಪೇಶಿ?" ಎಂದರು.

"ಹೂಂ ಸ್ವಾಮಿ. ಬೀದಿಗೆಲ್ಲ ಕೇಳ್ಸುತ್ತೆ."

"ಬೀದಿಗೆ ಕೇಳ್ಸುತ್ತೆ. ಅವಳಿಗೆ ಕೇಳ್ಸಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಈ ಚಳಿಗಾಲ ದಾಟೋದು ಕಷ್ಟ ಅಂದ್ರು ಡಾಕ್ಟ್ರು. ನಾನು ನಿಂಗೆ ಹೇಳ್ಬಾರ್ದು ಅಂತ ಅವಳೇನೂ ಮಾತು ತಗೊಂಡಿಲ್ಲ, ಅದಕ್ಕೆ ಹೇಳ್ತಿದ್ದೀನಿ."

ಕೈಯಲ್ಲಿದ್ದ ಕೊಡೆಯನ್ನು ಬಿಚ್ಚಿದೆ, ಮುಚ್ಚಿದೆ. ಈ ಸಲದ ಗಿಡುಗಗಳು ದಾಟಿಹೋದರೆ ಮುಂದಿನವು ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ನಾನು ಏನು ಹೇಳಿದರೂ ಅಕ್ಕನ ಪಾಲಿಗೆ ಅದು ತುಟಿಯ ಅಲುಗಾಟ. ಅಂಗಡಿಯ ತುಂಬ ಕೊಡೆಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮರುದಿನ ಬೆಳಿಗ್ಗೆ ಬೀಗ ಹಾಕಿ ಗುಡ್ಡ ಹತ್ತಿದೆ. "ಸೀಸನ್ನಿನಲ್ಲೇ ಬೀಗ ಹಾಕಿದ್ದಾನಲ್ಲ, ಇವನ ಮನೆ ಹಾಳಾಗ" ಎಂದು ಯಾರೋ ಬೀದಿಯಲ್ಲಿ ಬೈಯುತ್ತಿದ್ದರು. ದ್ಯಾವಣ್ಣ ಮಾತ್ರ, "ಗುಡ್ಡಕ್ಕಾ? ಒಳ್ಳೇದಾಗ್ಲಾ?" ಎಂದ.

ಬಂಡೆಯ ಮೇಲೆ ಆಗಲೇ ನಾಲ್ಕಾರು ಜನ ಕೂತಿದ್ದರು. ರುದ್ರಸ್ವಾಮಿಯವರೂ ಇದ್ದರು. ತಂಗಿಯ ಮದುವೆಯ ಗಲಾಟೆಯಲ್ಲಿ, ತಮಗೆ ಟೀ ಕೊಡಲು ಮರೆತರೆಂದು ಸಿಟ್ಟಾಗಿ ಛತ್ರದ ಜನರೆಲ್ಲರ ಎದುರೇ "ಇನ್ನು ಜೀವಮಾನದಲ್ಲಿ ಟೀ ಕುಡಿಯಲ್ಲ" ಎಂದುಬಿಟ್ಟಿದ್ದರಂತೆ. "ಆಮೇಲೆ ಶುಂಠಿ ಕಷಾಯಕ್ಕೆ ಸ್ವಲ್ಪ ಹಾಲು, ಸ್ವಲ್ಪ ಸೊಪ್ಪು ಹಾಕ್ಕೊಂಡು ಕುಡೀತಿದ್ದೆ. ಅದು ಕಷಾಯನೋ ಟೀನೋ ಅಂತ ಪಂಚರು ಒಂದು ಮಳೆಗಾಲ ಪೂರ್ತಿ ಯೋಚ್ನೆ ಮಾಡಿದ್ರು. ಕೊನೆಗೆ ಟೀ ಅಂದ್ರು, ಅಲ್ಲಿವರೆಗೆ ಕುಡಿದದ್ದನ್ನ ಮಾಫಿ ಮಾಡಿದ್ರು" ಎಂದು ಹೇಳಿ, ಪಕ್ಕದಲ್ಲಿದ್ದ ಫ್ಲಾಸ್ಕನ್ನು ತಟ್ಟಿದರು. ಬಿಡುಗಡೆಯಾದ ಕ್ಷಣವೇ ಕುಡಿಯಲು ದಿನವೂ ಬಿಸಿ ಟೀ ತುಂಬಿಸಿಕೊಂಡು ಬರುತ್ತಿದ್ದರು. ದಿನವೂ ಸಂಜೆ ಅದನ್ನು ದಾರಿಯಲ್ಲಿ ದನ ಕಾಯುವವರಿಗೆ ಕೊಡುತ್ತಿದ್ದರು.

ಬೋರಮ್ಮ ಬಂಡೆಯ ಅಂಚಿನಲ್ಲಿ ಎರಡು ಗೂಟಕ್ಕೆ ಕಟ್ಟಿದ ತಡಿಕೆಯ ಕೆಳಗೆ, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದಳು. ಅವಳ ಕಣ್ಣು ಸುಣ್ಣದ ನೆಲ ಬಿಟ್ಟು ಕದಲುತ್ತಿರಲಿಲ್ಲ. ಗುಡ್ಡದ ಮೇಲಿರುವಾಗ ತಲೆ ಎತ್ತಿ ನೋಡುವುದಿಲ್ಲ ಎಂದು ಅವಳು ಈ ಕೆಲಸಕ್ಕೆ ಸೇರಿದ ದಿನ ಪಂಚರ ಎದುರು ಮಾತು ಕೊಟ್ಟಿದ್ದಳು. ಹಕ್ಕಿ ನೋಡುತ್ತಾ ಕೂತರೆ ನೆರಳು ತಪ್ಪಿಹೋಗುತ್ತದೆ. ಅವಳ ಅತ್ತೆಯೂ ಹಾಗೇ ಮಾತು ಕೊಟ್ಟು ಹಾಗೇ ಮುಗಿಸಿದವಳು. ನೆರಳು ತಾಗಿ ಬೋರಮ್ಮನ ಮಾತು ಅಕಸ್ಮಾತ್ತಾಗಿ ಬಿಟ್ಟುಹೋಗದಿರಲೆಂದೇ ಆ ತಡಿಕೆ.

ಮೊದಲ ದಿನಗಳಲ್ಲಿ ಬಿಸಿಲಿತ್ತು, ಗಿಡುಗಗಳಿರಲಿಲ್ಲ. ಆಮೇಲೆ ಗಿಡುಗಗಳು ಬಂದವು, ಮೋಡ ಮುಚ್ಚಿತು. ಮೋಡದ ದಿನ ಬಂಡೆಯ ಮೇಲಿದ್ದವರು ಆಕಾಶಕ್ಕೆ ಬೆನ್ನು ಹಾಕಿ ಎಲೆಯಡಿಕೆ ಹಾಕುತ್ತಿದ್ದರು. ನೆರಳಿಲ್ಲದ ಹಕ್ಕಿ ಅವರಿಗೆ ಬೇಕಿರಲಿಲ್ಲ. ನಾನೂ ಹಾಗೇ ಇರಬೇಕಿತ್ತು. ಆದರೆ ಮೊದಲ ಸಲ ಅವು ಬಯಲಿನಾಚೆಯ ಗುಡ್ಡದ ಮೇಲೆ ಕಂಡದ್ದನ್ನು ನೋಡಿದಾಗ ನನಗೆ ಏನೋ ಆಯಿತು. ಒಂದು ಹಕ್ಕಿ ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಅದರ ಮೇಲೊಂದು, ಅದರ ಮೇಲೊಂದು. ನೋಡನೋಡುತ್ತಿದ್ದಂತೆ, ಕಾಣದ ಕಂಬವೊಂದಕ್ಕೆ ಬಳ್ಳಿ ಹಬ್ಬಿದ ಹಾಗೆ ಹಕ್ಕಿಗಳ ಸುತ್ತು ಮೋಡದವರೆಗೆ ಏರಿತು. ತುದಿ ತಲುಪಿದ ಹಕ್ಕಿ ರೆಕ್ಕೆಯನ್ನು ಸ್ವಲ್ಪ ಮಡಿಸಿ ನಮ್ಮ ಕಡೆಗೆ ಜಾರಿತು. ಅದರ ಹಿಂದೆಯೇ ಉಳಿದವೂ ಬಂದವು, ಒಂದೊಂದಾಗಿ, ಯಾರೋ ಕೂಗಿ ಕರೆದಂತೆ. ಇವಕ್ಕೆ ದಾರಿ ಯಾರು ಹೇಳಿದರು? ರಾತ್ರಿ ಎಲ್ಲಿ ಇಳಿಯುತ್ತವೆ? ಇಷ್ಟು ದೂರಕ್ಕೆ ಏನು ತಿನ್ನುತ್ತವೆ? ಕೆಳಗೆ ಸುಣ್ಣದ ಬಂಡೆಯ ಮೇಲೆ ಕೂತವರು ತಮಗಾಗಿ ಕಾಯುತ್ತಿದ್ದಾರೆ ಎನ್ನುವುದು ಅವಕ್ಕೆ ಗೊತ್ತೇ? ನಾನು ಬಾಯಿಬಿಟ್ಟೇ ಕೇಳಿದ್ದಿರಬೇಕು. ರುದ್ರಸ್ವಾಮಿಯವರು, "ಸುಮ್ನೆ ಕೂತ್ಕೊಳಯ್ಯ, ನೆರಳಿಗೆ ದಿಗಿಲಾಗುತ್ತೆ" ಎಂದರು.

ಬೋರಮ್ಮ ಮಾತ್ರ ನೆಲ ನೋಡುತ್ತಲೇ, "ಏನು ಕಾಣ್ತಾ ಐತೆ ಅಲ್ಲಿ?" ಎಂದು ಕೇಳಿದಳು.

ಹೇಳಿದೆ.

"ಸುತ್ತುತಾವಾ? ಯಾವ ಕಡೆಯಿಂದ ಯಾವ ಕಡೆಗೆ?"

ಹೇಳಿದೆ. ಅವಳು ಬೆರಳಿನಿಂದ ತನ್ನ ಮುಂದಿನ ಮಣ್ಣಿನಲ್ಲಿ ಒಂದು ಸುತ್ತು ಬರೆದಳು.

"ನಂಗೆ ಇವು ನೆಲದ ಮೇಲೆ ಮಾತ್ರ ಗೊತ್ತು ಕಣಪ್ಪ. ಕೆಲವು ಅಗಲ, ಕೆಲವು ಚೂಪು. ಬಂದ್ವು ಅನ್ನೋದ್ರಾಗೆ ಹೋಗಿರ್ತಾವೆ. ಇಷ್ಟು ವರ್ಷ ಕೂತೆ, ಇಲ್ಲಿ ಬಂದೋರು ಒಬ್ರೂ ಮೇಲೆ ಏನೈತೆ ಅಂತ ಹೇಳ್ಲಿಲ್ಲ. ಬಿತ್ತಾ ಇಲ್ವಾ, ಬಿತ್ತಾ ಇಲ್ವಾ, ಅದೇ ಗೋಳು. ಹೊಟ್ಟೆ ಯಾವ ಬಣ್ಣ?"

"ಬಿಳಿ ಇದ್ದಂಗೈತೆ."

"ಇದ್ದಂಗೈತೆ ಅಂದ್ರೆ? ಸರಿಯಾಗಿ ನೋಡಿ ಹೇಳು."

ಹೀಗೆ ಶುರುವಾಯಿತು. ಬಿಸಿಲು, ಮೋಡ ಯಾವುದೇ ಇರಲಿ, ನಾನು ಮೇಲೆ ನೋಡಿ ಹೇಳುತ್ತಿದ್ದೆ, ಅವಳು ನೆಲ ನೋಡಿ ಕೇಳುತ್ತಿದ್ದಳು. ಬಾಲ ಬಿಚ್ಚಿದಾಗ ಬೀಸಣಿಗೆಯಂತೆ ಎಂದೆ. "ಅದು ನಂಗೂ ಗೊತ್ತು, ನೆರಳಿನಾಗೇ ಕಾಣ್ತೈತೆ. ಗೊತ್ತಿಲ್ದೇ ಇರೋದು ಹೇಳು." ಬಾಲದಲ್ಲಿ ಪಟ್ಟೆಗಳಿವೆ ಎಂದೆ. ಅವಳು ಮಣ್ಣಿನಲ್ಲಿ ಅಡ್ಡಗೆರೆ ಎಳೆದು, "ಪಟ್ಟೆ!" ಎಂದಳು, ನೆಂಟರ ಮನೆಯ ಗುಟ್ಟು ತಿಳಿದವಳ ಹಾಗೆ. ಕಣ್ಣು ಹೇಗಿದೆ ಎಂದು ಕೇಳಿದಾಗ ಮಾತ್ರ ಸೋತೆ. ಕಣ್ಣು ಕಾಣುವಷ್ಟು ಹತ್ತಿರ ಯಾವುದೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಬಿಸಿಲು ಚೆನ್ನಾಗಿದ್ದಾಗ ಗುಂಪೊಂದು ನೇರ ನಮ್ಮ ಮೇಲೆ ಬಂತು. ನೆರಳುಗಳು ಬಂಡೆಯ ಮೇಲೆ ನೀರಿನ ಹಾವುಗಳಂತೆ ಹರಿದವು. ಒಂದು ನನ್ನ ಮಂಡಿಯ ಗೇಣು ದೂರದಲ್ಲಿ ಹೋಯಿತು. ಹಲ್ಲು ಕಚ್ಚಿ ಕಲ್ಲಾಗಿ ಕೂತಿದ್ದೆ. "ಬಿತ್ತು" ಎಂದಳು ಬೋರಮ್ಮ. ಬಿದ್ದದ್ದು ರುದ್ರಸ್ವಾಮಿಯವರ ಬೋಳುತಲೆಯ ಮೇಲೆ. ಸುಣ್ಣದ ಗುರುತು ಆರುವುದಕ್ಕೂ ಕಾಯದೆ ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಇನ್ನೊಂದು ಗುಟುಕು ಕುಡಿದು, "ಕಷಾಯನೇ ಚೆನ್ನಾಗಿತ್ತು" ಎಂದರು. ಆದರೂ ಪೂರ್ತಿ ಕುಡಿದರು. ಇಳಿದು ಹೋಗುವಾಗ ನನ್ನ ಹತ್ತಿರ ಬಗ್ಗಿ, "ಬಲಗಿವಿ. ಮರೀಬೇಡ. ಬಲಗಿವಿ ಹತ್ರ ಹೋಗಿ ಹೇಳ್ಬೇಕು" ಎಂದರು.

ಬಂಡೆ ದಿನದಿನಕ್ಕೆ ಖಾಲಿಯಾಯಿತು. ಕೆಲವರಿಗೆ ನೆರಳು ಬಿತ್ತು. ಇನ್ನು ಕೆಲವರು ಬೇಸತ್ತು, ಕೊಟ್ಟ ಮಾತಿನ ಜೊತೆಗೇ ಇನ್ನೊಂದು ವರ್ಷ ಬದುಕಿದರಾಯಿತು ಎಂದು ಇಳಿದುಹೋದರು. ಹಕ್ಕಿಗಳ ಸಾಲೂ ತೆಳುವಾಯಿತು. ಪ್ರತಿ ಸಂಜೆ ನಾನು ಕೋಣೆಗೆ ಮರಳಿದಾಗ ಅಕ್ಕ ಎದುರು ಮಾಳಿಗೆಯಿಂದ ಕೂಗುತ್ತಿದ್ದಳು. "ಮುಖ ಸುಟ್ಟುಕೊಂಡು ಬಂದ್ಯಲ್ಲೋ ಮೂಗಪ್ಪ! ಯಾವ ಮಾತು ಬಿಡಿಸ್ಕಳಕ್ಕೆ ಹೋಗಿದ್ದೆ? ನನ್ ಹತ್ರ ಆಡಿದ್ದಾ? ಅಷ್ಟೊಂದು ಏನಪ್ಪ ಹೇಳೋದೈತೆ ನಿಂಗೆ?" ಅವಳು ಕೇಳುತ್ತಿದ್ದುದು ನಿಜವಾದ ಪ್ರಶ್ನೆಯೇ. ಏನು ಹೇಳಬೇಕೆಂದು ನಾನೂ ಯೋಚಿಸಿ ನೋಡಿದ್ದೆ. ತಪ್ಪಾಯಿತು ಎನ್ನಬೇಕೆ? ಅವಳು ಆಡಿದ್ದೂ ತಪ್ಪಲ್ಲವೇ? ಸಾರು ಚೆನ್ನಾಗಿತ್ತು ಎನ್ನಲೇ? ಯಾವ ವಾಕ್ಯವೂ ಇಷ್ಟು ವರ್ಷಗಳ ತೂಕ ತಡೆಯುವಂತೆ ಕಾಣಲಿಲ್ಲ.

ಕೊನೆಯ ದಿನ ಅದು ಕೊನೆಯ ದಿನವೆಂದು ಗೊತ್ತಿತ್ತು. ಬಡಗಣ ಗಾಳಿ ನಿಂತು ಹೊರಳಿ, ಮತ್ತೆ ಎಂದಿಲ್ಲದ ಜೋರಿನಲ್ಲಿ ಎದ್ದಿತ್ತು. ಬೋರಮ್ಮ ಮೂಗರಳಿಸಿ, "ಸ್ವಾತಿ ಮಳೆ ಬತ್ತೈತೆ. ಇವತ್ತು ಬಂದ್ರೆ ಬಂದ್ವು, ಇಲ್ಲಾಂದ್ರೆ ಮುಂದಿನ ವರ್ಷ" ಎಂದಳು. ಬಂಡೆಯ ಮೇಲೆ ನಾನೊಬ್ಬನೇ. ಬಿಸಿಲು ಸುಣ್ಣಕ್ಕೆ ಬಡಿದು ಕಣ್ಣು ಕುಕ್ಕುತ್ತಿತ್ತು. ನಮ್ಮ ಹಿಂದೆ, ದಕ್ಷಿಣಕ್ಕೆ, ಊರು ಹೊಳೆಯುತ್ತಿತ್ತು. ನಮ್ಮ ಮನೆಯ ಮಾಳಿಗೆ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕ ಪಂಚೆಗಳನ್ನು ಹಾಸಿ ಸಂಡಿಗೆ ಇಟ್ಟಿದ್ದಳು, ಇಡೀ ಮಾಳಿಗೆ ಬೆಳ್ಳಗಾಗಿತ್ತು. ಹಬ್ಬದ ಮೊದಲಿನ ದೊಡ್ಡ ಹಂಡೆ ಇರಬೇಕು. ಉತ್ತರಕ್ಕೆ ಬಯಲಿನ ತುದಿಯಲ್ಲಿ ಬೂದಿ ಬಣ್ಣದ ಒಂದು ಗೆರೆ ಇತ್ತು.

ಆ ಗೆರೆಯ ಮುಂದೆ ಅವು ಬಂದವು. ಸುತ್ತು ಹಾಕಿ ಮೇಲೇರಲು ಅವಕ್ಕೆ ಸಮಯವಿರಲಿಲ್ಲ. ಮಳೆ ಅಟ್ಟಿಸಿಕೊಂಡು ಬರುತ್ತಿತ್ತು. ಗುಡ್ಡದ ಇಳಿಜಾರನ್ನೇ ಹಿಡಿದು, ಕುರುಚಲು ಗಿಡಗಳ ತಲೆ ಸವರುತ್ತಾ, ಚದುರಿ ಬರುತ್ತಿದ್ದವು. "ಎಡಕ್ಕೆ ಆರೇಳು ಅವೆ ಬೋರಮ್ಮ, ಬಲಕ್ಕೆ ಒಂದು ಸಾಲು, ಎಲ್ಲಾ ಕೆಳಗೆ, ತುಂಬಾ ಕೆಳಗೆ" ಎಂದು ಕೂಗುತ್ತಿದ್ದೆ. ಗಾಳಿಯ ಒಂದು ಹೊಡೆತ ಬಂತು. ಬೋರಮ್ಮನ ತಡಿಕೆ ಗೂಟದಿಂದ ಕಿತ್ತು, ಬಂಡೆಯ ಮೇಲೆ ಉರುಳಿ, ಊರಿನ ಕಡೆಯ ಕಣಿವೆಗೆ ಹಾರಿಹೋಯಿತು. ಅವಳು ಬಿಸಿಲಲ್ಲಿ ಬೆತ್ತಲಾದವಳಂತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಳು. "ಹೋಗ್ಲಿ ಬಿಡು. ಹೇಳು, ಹೇಳು" ಎಂದಳು.

ಆಗ ಒಂದು ಗಿಡುಗ ಬಂಡೆಯ ಅಂಚಿನ ಕೆಳಗಿಂದ ನೇರ ನಮ್ಮೆದುರು ಎದ್ದಿತು. ಮನುಷ್ಯನೊಬ್ಬ ಮೆಟ್ಟಿಲು ಹತ್ತಿ ಬರುವಾಗ ಮೊದಲು ತಲೆ ಕಾಣುತ್ತದಲ್ಲ, ಹಾಗೆ. ಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡಿತ್ತು. ಗಾಳಿಯಲ್ಲಿ ಒಂದು ಕ್ಷಣ ನಿಂತು ಅದು ನನ್ನನ್ನು ನೋಡಿತು. ಕಣ್ಣು ಹಳದಿ. ಅದರಲ್ಲಿ ಕುತೂಹಲವಿತ್ತೆಂದು ನಾನು ಈಗಲೂ ಅಂದುಕೊಂಡಿದ್ದೇನೆ. ಹೇಳುವುದನ್ನು ಮರೆತು ನೋಡುತ್ತಾ ಕೂತೆ.

"ಏನು? ಏನಾಯ್ತು? ಯಾಕೋ ಸುಮ್ನಾದೆ? ಹೇಳೋ!" ಎಂದಳು ಬೋರಮ್ಮ. ಎಂದವಳೇ ಸೆರಗು ಬಿಟ್ಟು ತಲೆ ಎತ್ತಿದಳು.

ಅದೇ ಗಳಿಗೆಯಲ್ಲಿ ಗಿಡುಗ ನಮ್ಮಿಬ್ಬರ ತಲೆಯ ಮೇಲೆ ಹಾದುಹೋಯಿತು. ಅವಳ ಮುಖ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದ್ದನ್ನು ಕಂಡೆ. ನನ್ನ ರೆಪ್ಪೆಯ ಮೇಲೂ ತಣ್ಣಗಿನದೇನೋ ಹಾದಂತಾಯಿತು. ಆಮೇಲೆ ಗಾಳಿಯ ಸದ್ದು ಮಾತ್ರ ಇತ್ತು. ಉಳಿದ ಹಕ್ಕಿಗಳೂ ಆಚೀಚೆಯಿಂದ ದಾಟಿ ದಕ್ಷಿಣಕ್ಕೆ ಚುಕ್ಕೆಗಳಾದವು.

ಬೋರಮ್ಮ ಇನ್ನೂ ತಲೆ ಎತ್ತಿಕೊಂಡೇ ಇದ್ದಳು. "ಬಿಳಿ ಅಲ್ಲ ಕಣೋ. ಹೊಟ್ಟೆ ಕೆನೆ ಬಣ್ಣ. ಸುಳ್ಳು ಹೇಳಿದ್ದೆ ನೀನು" ಎಂದಳು.

"ಬೋರಮ್ಮ, ಬಿತ್ತಾ?" ಎಂದೆ.

ಅವಳು ಬಂಡೆಯನ್ನು ನೋಡಿದಳು. ಸುಣ್ಣದ ಕುಡಿಕೆಯನ್ನು ನೋಡಿದಳು. "ಬಂಡೆ ಮ್ಯಾಲೆ ನಾನು ನೋಡ್ಲಿಲ್ಲ. ಸೂರ್ಯ ಮುಚ್ಚಿ ತೆಗೆದದ್ದು ನೋಡ್ದೆ. ನನ್ ಮ್ಯಾಲೆ ಬಿತ್ತು ಅಂದ್ರೆ ಪಕ್ಕದಾಗಿರೋ ನಿನ್ ಮ್ಯಾಲೂ ಬಿದ್ದಿರ್ಬೇಕು. ಬಿದ್ದಿರ್ಬೇಕು ಅನ್ನೋದಕ್ಕೆ ಸುಣ್ಣ ಹಚ್ಚೋ ಹಂಗಿಲ್ಲ."

"ನಿನ್ ಮೇಲೆ ಬಿದ್ದದ್ದು ನಾನು ನೋಡ್ದೆ. ನಿನ್ ಮಾತೂ ಬಿಟ್ಟುಹೋಯ್ತಲ್ಲ?"

"ನಾನು ತಲೆ ಎತ್ತಿದ್ದು ಮೊದ್ಲೋ, ನೆರಳು ಬಿದ್ದದ್ದು ಮೊದ್ಲೋ? ಎತ್ತಿದ ಮ್ಯಾಲೆ ಬಿದ್ದಿದ್ರೆ ಮಾತು ಮುರಿದೋಳು. ಬಿದ್ದ ಮ್ಯಾಲೆ ಎತ್ತಿದ್ರೆ ಏನೂ ಇಲ್ಲ. ನಂಗೇ ಗೊತ್ತಿಲ್ಲ, ನಿಂಗೆ ಗೊತ್ತಾ?" ತನ್ನ ಹೆಬ್ಬೆಟ್ಟನ್ನು ಎತ್ತಿ ತೋರಿಸಿದಳು. "ಸುಣ್ಣ ಹಚ್ಚೋಕೆ ಈ ಹೆಬ್ಬೆಟ್ಟಿಗೆ ಇನ್ನೂ ಬೆಲೆ ಐತಾ ಅಂತ ಮೊದ್ಲು ಪಂಚರು ಹೇಳ್ಬೇಕಪ್ಪ. ಇದ್ದದ್ದು ಇದ್ದಂಗೆ ಹೇಳ್ತೀನಿ. ಕಷಾಯಕ್ಕೇ ಒಂದು ಮಳೆಗಾಲ ತಗೊಂಡೋರು, ಇದಕ್ಕೆ ಯುಗಾದಿ ದಾಟಿಸ್ತಾರೆ." ಅವಳ ದನಿಯಲ್ಲಿ ದುಃಖವಿರಲಿಲ್ಲ. ಮಣ್ಣಿನಲ್ಲಿ ಬರೆದಿದ್ದ ಸುತ್ತುಗಳ ಪಕ್ಕ ಅವಳ ಬೆರಳು ಹೊಸದೇನನ್ನೋ ಬರೆಯತೊಡಗಿತ್ತು. ಕಣ್ಣಿರಬೇಕು.

ನಾನು ಎದ್ದು ನಿಂತೆ. ಉತ್ತರದ ಬೂದಿ ಗೆರೆ ಈಗ ಗೋಡೆಯಾಗಿತ್ತು. ಬಯಲಿನ ಅರ್ಧ ಅದರೊಳಗೆ ಹೋಗಿತ್ತು. ಊರಿನಿಂದ ಅದು ಕಾಣುವುದಿಲ್ಲ, ಬೆನ್ನುಗುಡ್ಡ ಅಡ್ಡ ಬರುತ್ತದೆ. ಅಲ್ಲಿ ಬಿಸಿಲು ಕಾಯುತ್ತಿತ್ತು. ಅಕ್ಕನ ಮಾಳಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಬೋರಮ್ಮ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿ, "ಹೋಗು ಅಂತಾಗ್ಲಿ ಬೇಡ ಅಂತಾಗ್ಲಿ ನಾನು ಏನೂ ಹೇಳಲ್ಲ" ಎಂದಳು.

ಓಡಿದೆ. ಇಳಿಜಾರಿನಲ್ಲಿ ಒಂದು ಚಪ್ಪಲಿ ಉಳಿಯಿತು. ಬೀದಿಯ ತಿರುವಿನಲ್ಲಿ ದ್ಯಾವಣ್ಣ ಜಗಲಿಯ ಮೇಲೆ ಕೂತಿದ್ದ. "ಯಾಕಪ್ಪ ಓಡ್ತಿದ್ದೀಯ? ಕೈಯಾಗೆ ಸುಣ್ಣ ಇಲ್ವಾ?" ಎಂದ. ಅವನಂತೆ ಪ್ರಶ್ನೆ ಕೇಳಿಬಿಡಬಹುದಲ್ಲ ಎಂದು ಒಂದು ಕ್ಷಣ ಹೊಳೆಯಿತು. ಅಕ್ಕಾ, ಮಳೆ ಬರಬಹುದಾ? ಆಗ ಮಾತು ಮುರಿದರೂ ಅರ್ಧ ಮುರಿದಂತೆ ಎಂದು ಪಂಚರ ಮುಂದೆ ವಾದಿಸಬಹುದು. ದ್ಯಾವಣ್ಣನ ಮುಖ ನೋಡಿದೆ. ಅವನು ಎಷ್ಟೋ ವರ್ಷಗಳಿಂದ ಏನನ್ನೂ ಹೇಳಿರಲಿಲ್ಲ.

ನಮ್ಮ ಮನೆಯ ಮೆಟ್ಟಿಲುಗಳು ಕಾಲಿಗೆ ನೆನಪಿದ್ದವು. ಮಾಳಿಗೆಯ ಮೇಲೆ ಅಕ್ಕ ನನಗೆ ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕೂತು ಕೊನೆಯ ಸಾಲು ಸಂಡಿಗೆ ಇಡುತ್ತಿದ್ದಳು. ಹತ್ತಿರದಿಂದ ನೋಡಿದರೆ ಅವಳ ಜಡೆ ಸಣ್ಣದಾಗಿತ್ತು. ಬಿಸಿಲು ಚುರುಗುಡುತ್ತಿತ್ತು, ತಲೆಯ ಮೇಲೆ ಒಂದು ಚೂರು ಮೋಡವಿರಲಿಲ್ಲ. ಅಕ್ಕಪಕ್ಕದ ಮಾಳಿಗೆಗಳಲ್ಲಿ ಹೆಂಗಸರು ಮೆಣಸಿನಕಾಯಿ ಹರವುತ್ತಿದ್ದರು. ಎಣಿಸುವ ಅಗತ್ಯವಿರಲಿಲ್ಲ, ಮೂವರಿಗಿಂತ ಹೆಚ್ಚೇ ಇದ್ದರು.

"ಅಕ್ಕಾ, ಮಳೆ ಬರ್ತಾ ಐತೆ" ಎಂದೆ.

ಅವಳು ಸಂಡಿಗೆ ಇಡುತ್ತಲೇ ಇದ್ದಳು. ನಾನು ನಿಂತದ್ದು ಎಡಗಡೆ. ಪಂಚೆಗಳ ನಡುವಿನ ಸಂದಿಯಲ್ಲಿ ಕಾಲಿಡುತ್ತಾ ಬಲಗಡೆಗೆ ಬಂದು, ಮಂಡಿಯೂರಿ, ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ಅಕ್ಕಾ! ಮಳೆ ಬರ್ತಾ ಐತೆ! ಗುಡ್ಡದ ಮೇಲಿಂದ ನೋಡ್ಕಂಡು ಬಂದೆ!"

ಸುತ್ತಲಿನ ಮಾಳಿಗೆಗಳಲ್ಲಿ ಕೈಗಳು ನಿಂತವು. ಹೆಂಗಸರು ಮೊದಲು ನನ್ನನ್ನು ನೋಡಿದರು, ಆಮೇಲೆ ಆಕಾಶವನ್ನು. ಒಬ್ಬಳೂ ಮೆಣಸಿನಕಾಯಿಗೆ ಕೈ ಹಾಕಲಿಲ್ಲ. ಅಕ್ಕ ನಿಧಾನವಾಗಿ ತಿರುಗಿದಳು. ಹಿಟ್ಟು ಮೆತ್ತಿದ ಬೆರಳಿನಿಂದ ನನ್ನ ಕೈ ಹಿಡಿದು ಮಗುಚಿ ಮುಂಗೈ ನೋಡಿದಳು. ಅಲ್ಲೇನೂ ಇರಲಿಲ್ಲ. ತಲೆ ಎತ್ತಿ ಆಕಾಶ ನೋಡಿದಳು. ಅಲ್ಲೂ ಏನೂ ಇರಲಿಲ್ಲ, ನೀಲಿ ಬಿಟ್ಟು. ಮತ್ತೆ ನನ್ನ ಮುಖ ನೋಡಿದಳು, ಬಹಳ ಹೊತ್ತು, ಹಿಟ್ಟಿನ ಹದ ನೋಡುವಾಗ ನೋಡುವಂತೆ.

ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಪಂಚೆಯ ಒಂದು ತುದಿ ಹಿಡಿದಳು.

"ನಿಂತು ನೋಡ್ತೀಯಲ್ಲೋ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ಆ ತುದಿ ಹಿಡ್ಕೋ."